ಬಾಕಿ ಇಟ್ಟ ಮಾತು

ಕೆಲಸವಿಲ್ಲದವರು ಹರಟೆ ಹೊಡೆಯುತ್ತಾರೆ ಎಂದು ಮೊದಲು ಹೇಳಿದವನು ಯಾವನೋ ಗೊತ್ತಿಲ್ಲ. ಆದರೆ ಅವನು ಮಗ್ಗದ ಶೆಡ್ಡಿನೊಳಗೆ ಕಾಲಿಟ್ಟವನಲ್ಲ ಎಂದು ಆಣೆ ಮಾಡಿ ಹೇಳಬಹುದು. ಅಲ್ಲಿ ಕೈಗೆ ಬಿಡುವಿಲ್ಲ, ಕಾಲಿಗೆ ಬಿಡುವಿಲ್ಲ. ಲಾಳಿ ಆ ಕಡೆಯಿಂದ ಈ ಕಡೆಗೆ ಹಾರುತ್ತಲೇ ಇರುತ್ತದೆ. ಒಂದು ಎಳೆ ತುಂಡಾದರೆ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು, ತಡವಾದರೆ ಮೇಸ್ತ್ರಿಯ ಕೈಯಲ್ಲಿ ಬೈಸಿಕೊಳ್ಳಬೇಕು. ಅಂಥ ಕಡೆ ನಿಂತು, ಒಂದು ದಿನವೂ ಕೆಲಸ ಕೆಡಿಸದೆ, ಇಡೀ ಗಿರಣಿಯಲ್ಲಿ ‘ಹರಟೆಮಲ್ಲಿ’ ಎಂದು ಹೆಸರು ಪಡೆಯುವುದೆಂದರೆ ಹುಡುಗಾಟವೇ? ಅದೂ ಗಂಟಲಿನಿಂದ ಒಂದು ಸದ್ದನ್ನೂ ಹೊರಡಿಸದೆ!

ಹೌದು, ಸದ್ದಿಲ್ಲದೆ. ಮಗ್ಗಗಳೆಲ್ಲ ಒಟ್ಟಿಗೆ ಬಡಿಯಲು ಶುರುವಾದರೆ ಕಿವಿಗೆ ಬಾಯಿಟ್ಟು ಅರಚಿದರೂ ಕೇಳುತ್ತಿರಲಿಲ್ಲ. ಹಾಗಾಗಿ ಅಲ್ಲಿಯ ಹೆಂಗಸರು ದನಿಯನ್ನು ಮನೆಯಲ್ಲೇ ಬಿಟ್ಟು, ಬರೀ ತುಟಿ ತಂದು ಕೆಲಸ ಮಾಡುತ್ತಿದ್ದರು. ಬಾಯಿಯನ್ನು ಅಗಲವಾಗಿ ತೆರೆದು, ಒಂದೊಂದು ಅಕ್ಷರವನ್ನೂ ತುಟಿಯ ಮೇಲೆ ಇಟ್ಟು ತೋರಿಸುವ ಮಾತು ಅದು. ಹೊಸದಾಗಿ ಸೇರಿದವರು ಮೊದಲು ಕಲಿಯುತ್ತಿದ್ದದ್ದು ನೇಯುವುದನ್ನಲ್ಲ, ಈ ಮಾತನ್ನು. ಅಭ್ಯಾಸ ಎಷ್ಟು ಕೆಟ್ಟದ್ದೆಂದರೆ, ಮನೆಗೆ ಬಂದು ‘ಉಪ್ಪು ಕೊಡು’ ಎಂದರೂ ಮಕ್ಕಳಿಗೆ ಸಿಂಹ ಆಕಳಿಸಿದ ಹಾಗೆ ಕಾಣುತ್ತಿತ್ತು.

ಹರಟೆಮಲ್ಲಿಯ ಎದುರಿನ ಮಗ್ಗದಲ್ಲಿ ಇದ್ದವಳೇ ಆಮೇಲಕ್ಕ. ಇವಳು ಹೇಳುವವಳು, ಅವಳು ಕೇಳುವವಳು. ದೇವರು ಜೋಡಿ ಮಾಡಿಯೇ ಕಳಿಸಿದ ಹಾಗಿತ್ತು. ಇವಳು ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಲ್ಲಿಸಿದರೆ ಸಾಕು, ಅವಳ ತುಟಿ ಮುಂದೆ ಬಂದು ‘ಆಮೇಲೆ?’ ಎನ್ನುತ್ತಿತ್ತು. ಅದರಿಂದಲೇ ಆ ಹೆಸರು. ಒಬ್ಬಳು ಬೆನ್ನು ತಿರುಗಿಸಿ ನಿಂತಿದ್ದರೆ ಇನ್ನೊಬ್ಬಳು ಕರೆಯುವುದು ಹೇಗೆ? ಕೂಗಿದರೆ ಕೇಳುವುದಿಲ್ಲ. ಅದಕ್ಕೂ ಒಂದು ಉಪಾಯವಿತ್ತು. ಮಗ್ಗದ ಕೆಳಗೆ ಉದುರಿದ ನೂಲಿನ ಚೂರುಗಳನ್ನು ಅಂಗೈಯಲ್ಲಿ ಉರುಟಿ, ಒಂದು ಸಣ್ಣ ಉಂಡೆ ಮಾಡಿ, ಗುರಿಯಿಟ್ಟು ಕತ್ತಿನ ಹಿಂದಕ್ಕೆ ಎಸೆಯುವುದು. ‘ತಿರುಗೇ, ಸುದ್ದಿ ಇದೆ’ ಎಂದು ಅರ್ಥ. ಸಂಜೆ ಮನೆಗೆ ಹೋಗುವಾಗ ಆಮೇಲಕ್ಕನ ಕೂದಲಲ್ಲಿ ಅಂಥ ಉಂಡೆಗಳು ಸಿಕ್ಕಿಕೊಂಡಿರುತ್ತಿದ್ದವು. ಅವಳ ಗಂಡ, ‘ಇವತ್ತು ಊರಲ್ಲಿ ಬಹಳ ನಡೆದಿದೆ ಅಂತ ಕಾಣುತ್ತೆ’ ಎಂದು ಅವನ್ನು ಒಂದೊಂದಾಗಿ ಹೆಕ್ಕಿ ತೆಗೆಯುತ್ತಿದ್ದ.

ಅದೇ ಅಭ್ಯಾಸದಿಂದ ಒಂದು ಸಲ ಮಾನ ಹೋದದ್ದೂ ಉಂಟು. ಒಂದು ಮದುವೆಯಲ್ಲಿ ಇಬ್ಬರೂ ಛತ್ರದ ಆ ಮೂಲೆ ಈ ಮೂಲೆಯಲ್ಲಿ ಕೂತು, ಮದುಮಗನ ಕಿವಿಗಳು ಎಷ್ಟು ದೊಡ್ಡವು ಎಂದು ಸದ್ದಿಲ್ಲದೆ ಚರ್ಚೆ ಮಾಡಿದರು. ಯಾರಿಗೂ ಕೇಳಿಸಲಿಲ್ಲ, ನಿಜ. ಆದರೆ ಮದುಮಗನ ತಾಯಿಯ ತಂಗಿ ಇನ್ನೊಂದು ಗಿರಣಿಯ ಮಗ್ಗದವಳು. ಅವಳು ನಡು ಛತ್ರದಲ್ಲಿ ಎದ್ದು ನಿಂತು, ಬಾಯಿ ಅಗಲಿಸಿ, ‘ಕಿವಿ ಅವರಪ್ಪನದು, ನಮ್ಮ ಕಡೆಯದಲ್ಲ’ ಎಂದು ತುಟಿಯಲ್ಲೇ ಜವಾಬು ಕೊಟ್ಟಳು. ಇಬ್ಬರ ಗುಟ್ಟು ಮೂವರಿಗೆ ರಟ್ಟು ಎಂದರೆ ಇದೇ.

ಗಿರಣಿಯ ಗೋಡೆಯ ಮೇಲೆ ಒಂದು ಬೋರ್ಡು ಇತ್ತು. ಹೊಸ ಮ್ಯಾನೇಜರು ಹಾಕಿಸಿದ್ದು. ಇಂಗ್ಲಿಷಿನಲ್ಲಿ ದಪ್ಪ ಅಕ್ಷರ, ಕೆಂಪು ಬಣ್ಣ. ಓದಲು ಬರುವವರು ಶೆಡ್ಡಿನಲ್ಲಿ ಒಬ್ಬರೂ ಇರಲಿಲ್ಲ. ಮಗ್ಗ ಶುರುವಾಗುವ ಮೊದಲೇ ಮೇಸ್ತ್ರಿ ಎಲ್ಲರನ್ನೂ ಸೇರಿಸಿ, “ಗಾಸಿಪ್ ಮಾಡಬಾರದು ಅಂತ ಬರೆದಿದೆ. ಅಂದ್ರೆ ಹರಟೆ. ಗೊತ್ತಾಯ್ತಲ್ಲ?” ಎಂದು ಗದರಿಸಿದ್ದ. ಯಾರಿಗೂ ಬರದ ಭಾಷೆಯಲ್ಲಿ, ಯಾರಿಗೂ ಏನೂ ಕೇಳಿಸದ ಜಾಗದಲ್ಲಿ, ಮಾತಾಡಬೇಡಿ ಎಂದು ಬೋರ್ಡು! ಓದಿದವರ ಬುದ್ಧಿಗೆ ಏನು ಹೇಳೋಣ? ಹರಟೆಮಲ್ಲಿ ಅಂದು ಇಡೀ ಪಾಳಿ ಆ ಬೋರ್ಡಿನ ಬಗ್ಗೆಯೇ ಹರಟೆ ಹೊಡೆದಳು.

ಮೇಸ್ತ್ರಿಯ ಮೀಸೆಯ ವಿಷಯ ಇಲ್ಲಿಯೇ ಹೇಳಿಬಿಡಬೇಕು. ಪೊರಕೆಯಂಥ ಮೀಸೆ ಅದು. ಮೇಲ್ತುಟಿಯನ್ನು ಪೂರ್ತಿ ಮುಚ್ಚಿ, ಕೆಳತುಟಿಗೂ ನೆರಳು ಕೊಡುತ್ತಿತ್ತು. ತುಟಿ ಕಾಣದವನ ಮಾತು ಮಗ್ಗದ ಹೆಂಗಸರಿಗೆ ಅರ್ಥವಾಗುವುದು ಹೇಗೆ? ಅವನು ಏನು ಬೈದರೂ ಮೀಸೆ ಅಲ್ಲಾಡಿದ್ದಷ್ಟೇ ಕಾಣುತ್ತಿತ್ತು. ಅದಕ್ಕೆ ಅವನ ಕಣ್ಣೆದುರಿಗೇ ಇವರಿಬ್ಬರೂ ಆ ಮೀಸೆಯನ್ನು ಆಡಿಕೊಳ್ಳುತ್ತಿದ್ದರು. ‘ಇವತ್ತು ಅದಕ್ಕೆ ಎಣ್ಣೆ ಹಾಕಿದಾನೆ ನೋಡು’, ‘ಊಟದ್ದು ಅರ್ಧ ಅಲ್ಲೇ ಉಳಿದಿದೆ ನೋಡು’. ಅವನು ಕೈ ಹಿಂದೆ ಕಟ್ಟಿಕೊಂಡು, ಕಲ್ಲಿನಂಥ ಮುಖ ಮಾಡಿಕೊಂಡು, ಇಬ್ಬರ ನಡುವೆಯೇ ಹಾದುಹೋಗುತ್ತಿದ್ದ. ಪಾಪದವನು, ಏನೂ ತಿಳಿಯುವುದಿಲ್ಲ ಎಂದು ಇವರಿಗೆ ಇನ್ನೂ ನಗು.

ಗಿರಣಿ ಮುಚ್ಚಿದ ದಿನ ಯಾರಿಗೂ ಮೊದಲೇ ಹೇಳಿರಲಿಲ್ಲ. ಬೆಳಗಿನ ಪಾಳಿ ನಡೆಯುತ್ತಿತ್ತು. ಹರಟೆಮಲ್ಲಿಯ ಹತ್ತಿರ ಆ ದಿನ ದೊಡ್ಡ ಸುದ್ದಿಯಿತ್ತು; ಹಿಂದಿನ ಸಂಜೆ ಕಣ್ಣಾರೆ ಕಂಡದ್ದು. ನೂಲಿನ ಉಂಡೆ ಎಸೆದಳು. ಆಮೇಲಕ್ಕ ತಿರುಗಿದಳು. ‘ಮೇಸ್ತ್ರಿ ವಿಷ್ಯ ಗೊತ್ತಾಯ್ತೇನೇ? ಅವನಿಗೆ—’ ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳು ಒಂದೊಂದಾಗಿ ನಿಂತವು. ಶೆಡ್ಡಿನಲ್ಲಿ ಯಾರೂ ಯಾವತ್ತೂ ಕೇಳಿರದಂಥ ಮೌನ ಬಂತು. ಎಲ್ಲೋ ಒಬ್ಬಳು ಕೆಮ್ಮಿದ್ದು ಕೇಳಿಸಿ ಎಲ್ಲರೂ ಬೆಚ್ಚಿಬಿದ್ದರು. ಅಷ್ಟು ವರ್ಷ ಬಾಯಿ ಮುಚ್ಚದ ಹರಟೆಮಲ್ಲಿಗೆ ಆ ಮೌನದಲ್ಲಿ ಬಾಯಿ ತೆರೆಯಲು ನಾಚಿಕೆಯಾಯಿತು. ಆಮೇಲಕ್ಕನ ತುಟಿ ‘ಆಮೇಲೆ?’ ಎಂದಿತು. ಇವಳು ತಲೆಯಾಡಿಸಿ ‘ಮುಂದಿನ ಸಲ’ ಎಂದಳು. ಆ ಮಗ್ಗಗಳು ಮತ್ತೆ ಓಡಲಿಲ್ಲ.

ಆಮೇಲಕ್ಕ ಮಗನ ಜೊತೆ ಊರಿನ ಇನ್ನೊಂದು ತುದಿಗೆ ಹೋದಳು. ವರ್ಷಕ್ಕೆ ಒಂದೆರಡು ಸಲ ಭೇಟಿ. ಬಂದಾಗಲೆಲ್ಲ, ಕಾಫಿ ಲೋಟ ಕೆಳಗಿಡುವ ಮೊದಲೇ, “ಅವತ್ತು ಮೇಸ್ತ್ರಿ ಅಂತ ಶುರು ಮಾಡಿದ್ಯಲ್ಲ, ಆಮೇಲೆ?” ಎನ್ನುವಳು. ಹರಟೆಮಲ್ಲಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. “ಅದನ್ನ ಮುಂದಿನ ಸಲಕ್ಕೆ ಇಟ್ಟಿದೀನಿ ಕಣೇ” ಎಂದು ಬೇರೆ ಏನೇನೋ ಹೇಳಿ ಕಳಿಸುವಳು. ಒಂದು ಮಾತು ಬಾಕಿ ಇದ್ದರೆ ಮನುಷ್ಯರು ಮತ್ತೆ ಬರುತ್ತಾರೆ ಎನ್ನುವುದು ಅವಳ ಲೆಕ್ಕ. ಲೆಕ್ಕ ತಪ್ಪಲಿಲ್ಲ, ಮಂಡಿಗಳು ತಪ್ಪಿದವು. ಇಬ್ಬರಿಗೂ ಬಸ್ಸು ಹತ್ತುವುದು ಕಷ್ಟವಾಯಿತು. ಫೋನು ಇತ್ತು, ಆದರೆ ಏನು ಬಂತು? ಮಗ್ಗದ ಗದ್ದಲ ಹರಟೆಮಲ್ಲಿಯ ಕಿವಿಯನ್ನು ತಿಂದು ಮುಗಿಸಿತ್ತು, ಫೋನಿನಲ್ಲಿ ತುಟಿ ಕಾಣುವುದಿಲ್ಲ.

ಈಗ ಅವಳು ಮಗ ಸೊಸೆಯ ಜೊತೆ ಇದ್ದಾಳೆ. ಮಗ ಒಳ್ಳೆಯವನು, ಆದರೆ ಅವನೂ ಮೀಸೆ ಬಿಟ್ಟಿದ್ದಾನೆ. ಮಾತೆಲ್ಲ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಸೊಸೆ ವಾಸಿ. ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವ ಸಂಜೆ ಶಾಲೆಯಲ್ಲಿ ಟೀಚರು. ಬಾಯಿ ತೆರೆದು, ಎದುರು ನಿಂತು, ಬಿಡಿಸಿ ಮಾತಾಡುತ್ತಾಳೆ. ಅತ್ತೆಗೆ ಮನೆಯಲ್ಲಿ ಪೂರ್ತಿ ಅರ್ಥವಾಗುವ ಬಾಯಿ ಅದೊಂದೇ. ಆದರೂ ಕಿವುಡಿಯ ಪಾಡು ಕಿವುಡಿಗೇ ಗೊತ್ತು. ಜನ ಕಿವುಡರಿಗೆ ಬೇಕಾದ್ದನ್ನಷ್ಟೇ ಹೇಳುತ್ತಾರೆ. ‘ಊಟ.’ ‘ಮಾತ್ರೆ.’ ‘ಬಾಗಿಲು ಹಾಕ್ಕೊಳ್ಳಿ.’ ಮೂವರು ಕೂತು ನಗುತ್ತಿರುವಾಗ ‘ಏನು?’ ಎಂದು ಕೇಳಿದರೆ, ‘ಏನಿಲ್ಲ ಬಿಡಮ್ಮಾ’ ಎಂದು ಕೈಯಾಡಿಸುತ್ತಾರೆ. ಆ ‘ಏನಿಲ್ಲ’ವೇ ಅವಳಿಗೆ ಬೇಕಾದ್ದು. ಅದನ್ನು ಯಾರೂ ಕೂಗಿ ಹೇಳುವುದಿಲ್ಲ.

ಒಂದು ಮಧ್ಯಾಹ್ನ ಅಡುಗೆಮನೆಯ ಮೇಜಿನ ಹತ್ತಿರ ಅತ್ತೆ ಹುರುಳಿಕಾಯಿ ಮುರಿಯುತ್ತಿದ್ದಳು, ಸೊಸೆ ಬಾಯಿಬಿಟ್ಟು ಓದಿಕೊಳ್ಳುತ್ತ ಸಂಜೆಯ ಪಾಠಕ್ಕೆ ತಯಾರಾಗುತ್ತಿದ್ದಳು. ಅಂದಿನ ಪಾಠ ಮಾತಿಗಿರುವ ಇಂಗ್ಲಿಷ್ ಪದಗಳು. ಚಾಟ್, ಚಿಟ್‌ಚಾಟ್, ಸ್ಮಾಲ್ ಟಾಕ್, ಗಾಸಿಪ್, ಹೀಗೆ ಹಲವು. ಎಲ್ಲವೂ ಹರಟೆಯೇ, ಆದರೆ ಒಂದು ಇದ್ದ ಕಡೆ ಇನ್ನೊಂದನ್ನು ಹಾಕುವ ಹಾಗಿಲ್ಲ.

ಹರಟೆಮಲ್ಲಿಯ ಕಣ್ಣು ಅವಳ ತುಟಿಯ ಮೇಲೆಯೇ ಇತ್ತು. “ಏನಂದೆ? ಗಾಸಿಪ್ಪಾ? ಅದು ನಮ್ಮ ಗಿರಣಿ ಬೋರ್ಡಿನದು! ಅದಕ್ಕೆ ಸರಿಯಾದ ಅರ್ಥ ಏನೇ?”

“ಅಲ್ಲಿ ಇಲ್ಲದವರ ಬಗ್ಗೆ ಮಾತಾಡೋದು, ಅತ್ತೆ.”

“ಮತ್ತೆ ಇದ್ದವರ ಬಗ್ಗೆ ಮಾತಾಡೋಕೆ ಏನಿರುತ್ತೆ? ಅವರು ಎದುರಿಗೇ ಇರ್ತಾರಲ್ಲ!” ಎಂದು ಹುರುಳಿಕಾಯಿ ಮುರಿದಳು. “ಇನ್ನೊಂದು?”

“ಸ್ಮಾಲ್ ಟಾಕ್. ಅಷ್ಟಾಗಿ ಪರಿಚಯ ಇಲ್ಲದವರ ಹತ್ರ, ಸುಮ್ನೆ ಇರಬಾರದಲ್ಲ ಅಂತ, ಮಳೆ ಬಿಸಿಲು ಅಂತ ಮಾತಾಡೋದು.”

“ಮಳೆ ಬಂದ್ರೆ ಅವರ ತಲೇನೂ ನೆನೀತದಲ್ಲ. ಹೇಳೋದೇನು ಅದನ್ನ? ಇದು ಬೇಡ. ಇನ್ನೊಂದು ಹೇಳು.”

“ಚಿಟ್‌ಚಾಟ್. ಇದಕ್ಕೆ ಡಿಕ್ಷನರಿಯಲ್ಲಿ ‘ಮಹತ್ವವಿಲ್ಲದ ಮಾತು’ ಅಂತಿದೆ. ಹಾಗಂದ್ರೆ ನನ್ನ ಸ್ಟೂಡೆಂಟ್ಸ್ ಕೇಳ್ತಾರೆ, ಮಹತ್ವ ಇಲ್ಲದಿದ್ರೆ ಅದಕ್ಕೊಂದು ಪದ ಯಾಕೆ, ಕಲಿಯೋದು ಯಾಕೆ ಅಂತ. ಏನು ಹೇಳೋದೋ ಗೊತ್ತಾಗ್ತಿಲ್ಲ. ನೀವಾದ್ರೆ ಏನಂತೀರಿ?”

ಹರಟೆಮಲ್ಲಿ ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಸೊಸೆಗೆ ಫೋನು ಬಂತು. ಮಾತಾಡುತ್ತಿದ್ದಂತೆ ಅವಳ ಮುಖ ಸಣ್ಣದಾದದ್ದನ್ನು ಅತ್ತೆ ನೋಡಿದಳು.

ಆಮೇಲಕ್ಕನ ಮಗನ ಫೋನು. ಅವರಮ್ಮನ ಗಂಟಲಿನಲ್ಲಿ ಗೆಡ್ಡೆಯಿತ್ತಂತೆ. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದಾರಂತೆ. ಜೀವಕ್ಕೆ ಅಪಾಯವಿಲ್ಲ, ಇನ್ನು ದನಿ ಮಾತ್ರ ಬರುವುದಿಲ್ಲ. ಗಾಯ ಮಾಗಿದೆ, ಈಗ ಬಾಯಿಂದ ಉಣ್ಣಬಹುದು ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಅವಳು ಉಣ್ಣುತ್ತಿಲ್ಲ. ಚಮಚ ತಂದರೆ ಹಲ್ಲು ಕಚ್ಚಿಕೊಳ್ಳುತ್ತಾಳೆ. ಗೋಡೆಯ ಕಡೆ ತಿರುಗಿ ಮಲಗಿದವಳು ಯಾರ ಕಡೆಗೂ ತಿರುಗುತ್ತಿಲ್ಲ. ಹೀಗೇ ಇದ್ದರೆ ಕೈ ಮೀರುತ್ತದೆ ಎಂದು ಡಾಕ್ಟರು ಹೇಳಿದ್ದಾರಂತೆ.

“ನೋಡ್ತೀನಿ ಅವಳನ್ನ, ತೋರ್ಸು” ಎಂದಳು ಹರಟೆಮಲ್ಲಿ. ಸೊಸೆ ವಿಡಿಯೋ ಕರೆ ಮಾಡಿದಳು. ಪರದೆಯ ಮೇಲೆ ಮೊದಲು ಸೂರು ಕಂಡಿತು, ಆಮೇಲೆ ಮಗನ ಹೆಬ್ಬೆರಳು ಕಂಡಿತು, ಕೊನೆಗೆ ಒಂದು ದೊಡ್ಡ ಕಿವಿ ಬಂದು ನಿಂತಿತು. ಫೋನೆಂದರೆ ಕಿವಿಗೆ ಎಂದುಕೊಂಡು ಮಗರಾಯ ಅದನ್ನು ಅಮ್ಮನ ಕಿವಿಗೇ ಒತ್ತಿ ಹಿಡಿದಿದ್ದ. “ಏನಾದ್ರೂ ಹೇಳಿ ದೊಡ್ಡಮ್ಮಾ, ಕೇಳಿಸ್ಕೊಳ್ತಾಳೆ!” ಎಂದು ಅರಚುತ್ತಿದ್ದ. ಕಿವುಡಿ ಈ ಕಡೆಯಿಂದ ಗೆಳತಿಯ ಕಿವಿಯನ್ನು ನೋಡುತ್ತ ಕೂತಳು. ಅಳುವುದೋ ನಗುವುದೋ ತಿಳಿಯಲಿಲ್ಲ.

“ನಾನು ಹೋಗ್ಬೇಕು” ಎಂದಳು.

ಸಂಜೆ ಮನೆಗೆ ಬಂದ ಮಗ ಬೇಡವೆಂದ. ಮೀಸೆಯೊಳಗಿಂದ ಏನೇನೋ ಹೇಳಿದ. ಅವಳಿಗೆ ತಿಳಿಯಲೆಂದು ಸೊಸೆ ಅದನ್ನು ತಿರುಗಿಸಿ ಹೇಳಬೇಕಾಯಿತು. “ನಿಮಗೆ ಕಿವಿ ಕೇಳಲ್ಲ, ಅವರಿಗೆ ದನಿ ಇಲ್ಲ. ಅಷ್ಟು ದೂರ ಹೋಗಿ ಇಬ್ಬರೂ ಮುಖ ಮುಖ ನೋಡ್ಕೊಂಡು ಏನು ಮಾಡ್ತೀರಿ ಅಂತಾರೆ ಅತ್ತೆ.”

ಹರಟೆಮಲ್ಲಿ ಮಗನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. “ಮುಖ ಮುಖ ನೋಡ್ಕೊಂಡೇ ನಿನ್ನನ್ನ ಸಾಕಿದ್ದು ಕಣೋ” ಎಂದಳು. “ಆ ಗಿರಣೀಲಿ ನಾವು ಇನ್ನೇನು ಮಾಡ್ತಿದ್ವಿ ಅಂದ್ಕೊಂಡಿದೀಯ?”

ಮರುದಿನ ಅತ್ತೆ ಸೊಸೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಹರಟೆಮಲ್ಲಿ ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡು ತುಟಿ ಆಡಿಸುತ್ತಿದ್ದಳು. ಅವಳಿಗೆ ಹೆದರಿಕೆಯಾಗಿತ್ತು, ಅದನ್ನು ಮುಚ್ಚಿಡುವುದೇಕೆ? ಇಷ್ಟು ವರ್ಷ ಆಡದ ಮಾತು ಉಳಿದಿದೆಯೋ ಇಲ್ಲವೋ. ಪೊರೆ ತೆಗೆಸಿಕೊಂಡ ಈ ಮುದಿ ಕಣ್ಣಿಗೆ ಅಷ್ಟು ವೇಗವಾಗಿ ತುಟಿ ಓದಲು ಆಗುತ್ತದೋ ಇಲ್ಲವೋ. ಎಲ್ಲಕ್ಕಿಂತ ಹೆಚ್ಚಾಗಿ, ಅವಳು ತಿರುಗದೇ ಇದ್ದರೆ? ತನ್ನ ಜೊತೆ ಸುಮ್ಮನೆ ಮಾತಾಡಲು ಈ ಭೂಮಿಯ ಮೇಲೆ ಉಳಿದಿರುವವಳು ಅವಳೊಬ್ಬಳೇ ಎಂಬುದು ಹರಟೆಮಲ್ಲಿಗೆ ಬಸ್ಸಿನಲ್ಲಿ ಕೂತು ಮೊದಲ ಸಲ ಹೊಳೆಯಿತು. ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಒಂದು ಬೋರ್ಡು ತೂಗುತ್ತಿತ್ತು.

“ಏನದು?”

“ಸದ್ದು ಮಾಡಬಾರದು ಅಂತ ಅತ್ತೆ.”

“ಮಾಡೋದಿಲ್ಲ ಬಿಡು” ಎಂದು ಒಳಗೆ ನಡೆದಳು.

ಆಮೇಲಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೊದಿಕೆಯಡಿಯಲ್ಲಿ ಆಕಾರವೇ ಇಲ್ಲದಷ್ಟು ಇಳಿದುಹೋಗಿದ್ದಳು. ಪಕ್ಕದಲ್ಲಿ ಮಗ ತಿಳಿ ಗಂಜಿಯ ಬಟ್ಟಲು ಹಿಡಿದು, ಸೋತ ಮುಖ ಮಾಡಿಕೊಂಡು ಕೂತಿದ್ದ. ಹಾಸಿಗೆಯ ಕಾಲಿನ ಹತ್ತಿರ ಒಂದು ಹಲಗೆ ಇತ್ತು. ಮಾತು ಹೋದವರಿಗೆ ಎಂದು ಆಸ್ಪತ್ರೆಯವರು ಕೊಟ್ಟದ್ದು. ಅದರ ಮೇಲೆ ಸಾಲಾಗಿ ಚಿತ್ರಗಳು: ನೀರಿನ ಲೋಟ, ಕಕ್ಕಸು, ಹೊದಿಕೆ, ನೋವಿಗೆ ಒಂದು ಅಳುಮುಖ. ಬೇಕಾದ್ದರ ಮೇಲೆ ಬೆರಳಿಡಬೇಕು.

“ಕೊಟ್ಟ ದಿನಾನೇ ಎತ್ತಿ ಬಿಸಾಕಿದ್ಲು ದೊಡ್ಡಮ್ಮಾ” ಎಂದ ಮಗ. “ಬೇಕಾದ್ದೆಲ್ಲ ಇದೆ ಅದರಲ್ಲಿ. ಯಾಕೆ ಕೋಪಾನೋ ಏನೋ.” ಅವನು ಗಡ್ಡ ಮೀಸೆ ಬೋಳಿಸಿದವನಾದ್ದರಿಂದ ಅಷ್ಟೂ ಮಾತು ಅವಳಿಗೆ ತಿಳಿಯಿತು.

ಹರಟೆಮಲ್ಲಿ ಆ ಹಲಗೆಯನ್ನು ಕೈಗೆತ್ತಿಕೊಂಡು ಮೇಲಿಂದ ಕೆಳಗೆ ನೋಡಿದಳು. ನೀರು ಇತ್ತು, ನೋವು ಇತ್ತು. ಮೇಸ್ತ್ರಿಯ ಮೀಸೆ ಇರಲಿಲ್ಲ. ಮದುಮಗನ ಕಿವಿ ಇರಲಿಲ್ಲ. ‘ಆಮೇಲೆ’ ಎನ್ನುವುದಕ್ಕೆ ಒಂದು ಚಿತ್ರವೂ ಇರಲಿಲ್ಲ. ಊಟ, ಮಾತ್ರೆ, ಬಾಗಿಲು ಹಾಕ್ಕೊಳ್ಳಿ. ಗೆಳತಿಗೆ ಏಕೆ ಕೋಪ ಬಂತೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಲಗೆಯನ್ನು ಬೋರಲು ಮಾಡಿ ಇಟ್ಟಳು.

“ಅಮ್ಮಾ, ಯಾರು ಬಂದಿದಾರೆ ನೋಡು” ಎಂದು ಮಗ ಭುಜ ಮುಟ್ಟಿದ. ಭುಜ ಕೊಡವಿಕೊಂಡಿತು. ಸೊಸೆ ಬಗ್ಗಿ, “ಅಮ್ಮಾ, ನಮ್ಮತ್ತೆ ಬಂದಿದಾರೆ” ಎಂದಳು. ಗಿರಣಿ ಆಮೇಲಕ್ಕನ ಕಿವಿಯನ್ನೂ ಮಂದ ಮಾಡಿತ್ತು. ಕೇಳಿಸಿತೋ ಇಲ್ಲವೋ, ಅವಳು ಅಲ್ಲಾಡಲಿಲ್ಲ. ಮಗನ ಕಣ್ಣಲ್ಲಿ ನೀರು ತುಂಬಿತು.

ಹರಟೆಮಲ್ಲಿ ಸುತ್ತ ನೋಡಿದಳು. ಗೋಡೆಯ ಪಕ್ಕದ ಟ್ರೇಯಲ್ಲಿ ಹತ್ತಿಯ ಸುರುಳಿ ಇತ್ತು. ಅದರಿಂದ ಒಂದು ಚೂರು ಕಿತ್ತಳು. ಅಂಗೈಯಲ್ಲಿ ಉರುಟಿದಳು. ನರ್ಸಮ್ಮ ದೂರದಿಂದ, “ರೀ, ಅದನ್ನ ಮುಟ್ಟಬೇಡಿ!” ಎಂದು ಕೂಗಿದ್ದು ಕಿವುಡಿಗೆ ಕೇಳಿಸಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಎರಡು ಮಗ್ಗಗಳ ನಡುವಿನ ದೂರವನ್ನು ಅಂದಾಜು ಮಾಡಿಕೊಂಡು, ಗುರಿಯಿಟ್ಟು ಎಸೆದಳು. ಹತ್ತಿಯ ಉಂಡೆ ಆಮೇಲಕ್ಕನ ಕತ್ತಿನ ಹಿಂದೆ ಬಿತ್ತು.

ಏನೂ ಆಗಲಿಲ್ಲ. ಇನ್ನೊಂದು ಉರುಟಿ ಎಸೆದಳು.

ಹೊದಿಕೆ ಅಲುಗಿತು. ಒಣಗಿದ ಒಂದು ಕೈ ಹೊರಗೆ ಬಂದು, ಕತ್ತಿನ ಹಿಂದೆ ತಡವಿ, ಉಂಡೆಯನ್ನು ಹುಡುಕಿ ಹಿಡಿಯಿತು. ಎರಡು ಬೆರಳಿನಲ್ಲಿ ಅದನ್ನು ಹೊಸಕಿ ನೋಡಿತು. ಆಮೇಲಕ್ಕ ತಿರುಗಿದಳು.

‘ಹೇಗಿದೀಯ’ ಎಂದು ಹರಟೆಮಲ್ಲಿ ಕೇಳಲಿಲ್ಲ. ಅದನ್ನು ಕೇಳಲು ಡಾಕ್ಟರಿದ್ದಾರೆ. ಬಾಯಿ ಅಗಲಿಸಿ, ಸದ್ದಿಲ್ಲದೆ, ವರ್ಷಗಳ ಹಿಂದೆ ಕರೆಂಟು ಹೋದ ಜಾಗದಿಂದಲೇ ಎತ್ತಿಕೊಂಡಳು. ‘ಮೇಸ್ತ್ರಿ ವಿಷ್ಯ ಗೊತ್ತಾಯ್ತೇನೇ? ಅವನಿಗೆ—’

ಅಲ್ಲಿ ನಿಲ್ಲಿಸಿದಳು. ಬೇಕೆಂದೇ ನಿಲ್ಲಿಸಿದಳು.

ಆಮೇಲಕ್ಕನ ತುಟಿ ಒಡೆದಿತ್ತು, ಒಣಗಿತ್ತು. ಅದು ನಿಧಾನವಾಗಿ ಮುಂದೆ ಬಂತು. ‘ಆಮೇಲೆ?’

‘ಎರಡು ಚಮಚ ಕುಡಿ, ಹೇಳ್ತೀನಿ.’

ಆಮೇಲಕ್ಕ ಅವಳನ್ನು ದುರುಗುಟ್ಟಿ ನೋಡಿದಳು. ಎಂಥ ನೋಟ! ಶೆಡ್ಡಿನಲ್ಲಿ ಎಳೆ ಸಿಕ್ಕಾದಾಗ ನೋಡುತ್ತಿದ್ದ ನೋಟವೇ ಅದು. ಆಮೇಲೆ ಬಾಯಿ ತೆರೆದಳು. ಮಗನ ಅವಸರಕ್ಕೆ ಅರ್ಧ ಗಂಜಿ ಹೊದಿಕೆಯ ಮೇಲೆ ಚೆಲ್ಲಿತು, ಅರ್ಧ ಒಳಗೆ ಹೋಯಿತು. ಇನ್ನೊಂದು ಚಮಚವೂ ಹೋಯಿತು.

ಹರಟೆಮಲ್ಲಿ ಕುರ್ಚಿ ಎಳೆದು ಹತ್ತಿರ ಕೂತು ಶುರು ಮಾಡಿದಳು. ಗಿರಣಿ ಮುಚ್ಚುವ ಹಿಂದಿನ ಸಂಜೆ ಗೇಟಿನ ಆಚೆ ಮೇಸ್ತ್ರಿ ತನ್ನ ತಾಯಿಯ ಜೊತೆ ನಿಂತಿದ್ದನಂತೆ. ಮುದುಕಿ ಪೂರಾ ಕಿವುಡಿ. ಅವಳೂ ಒಂದು ಕಾಲದಲ್ಲಿ ಮಗ್ಗದವಳೇ! ಅವಳಿಗೆ ತನ್ನ ಮಾತು ಕಾಣಲಿ ಎಂದು ಮೇಸ್ತ್ರಿ ಎರಡು ಬೆರಳಿನಿಂದ ಮೀಸೆಯನ್ನು ಮೇಲೆತ್ತಿ ಹಿಡಿದು, ಬಾಯಿ ಅಗಲಿಸಿ, ಸದ್ದಿಲ್ಲದೆ ಮಾತಾಡುತ್ತಿದ್ದನಂತೆ. ನಮ್ಮ ಹಾಗೇ ಕಣೇ, ಒಂದಕ್ಷರ ತಪ್ಪಿಲ್ಲ! ಅಂದರೆ ತೊಟ್ಟಿಲಿನಿಂದಲೇ ಕಲಿತಿದ್ದಾನೆ. ಅಂದರೆ ಅಷ್ಟೂ ವರ್ಷ, ಅವನ ಎಣ್ಣೆ, ಅವನ ಊಟ, ಅವನ ಹೆಂಡತಿ, ಅವನ ಪೊರಕೆ, ನಾವು ಆಡಿಕೊಂಡದ್ದೆಲ್ಲವನ್ನೂ ನಿಂತು ಓದಿದ್ದಾನೆ!

ಹೇಳುತ್ತ ಹೇಳುತ್ತ ಹರಟೆಮಲ್ಲಿ ತಾನೂ ಮೇಲ್ತುಟಿಯನ್ನು ಎತ್ತಿ ಹಿಡಿದು ತೋರಿಸಿದಳು. ಆಮೇಲಕ್ಕನ ಭುಜಗಳು ಕುಲುಕತೊಡಗಿದವು. ಮಗ ಗಾಬರಿಯಾಗಿ ಎದ್ದು ನಿಂತ. “ನಗ್ತಿದಾರೆ, ಕೂತ್ಕೊಳ್ಳಿ” ಎಂದಳು ಸೊಸೆ. ಸದ್ದೇ ಇಲ್ಲದ ನಗು ಅದು. ನಡುನಡುವೆ ಮಗ ಚಮಚ ಒಡ್ಡುತ್ತಿದ್ದ, ಬಾಯಿ ತೆರೆಯುತ್ತಿತ್ತು. ಬಟ್ಟಲು ಯಾವಾಗ ಖಾಲಿಯಾಯಿತೆಂದು ಅವನಿಗೇ ತಿಳಿಯಲಿಲ್ಲ.

ಕಣ್ಣೊರೆಸಿಕೊಂಡು ಆಮೇಲಕ್ಕ ತುಟಿಯಾಡಿಸಿದಳು. ‘ನಂಗೊತ್ತಿತ್ತು ಕಣೇ.’

‘ಏನು ಗೊತ್ತಿತ್ತು?’

‘ಮೀಸೆ ವಿಷ್ಯ. ಗಿರಣಿ ಮುಚ್ಚಿದ ದಿನ ಗೇಟಿನ ಹತ್ರ ಅವನೇ ಮೀಸೆ ಎತ್ತಿ ಹೇಳ್ದ. ನಿಮ್ಮಿಬ್ರ ಮಾತು ನೋಡ್ದೆ ಇನ್ನು ನಂಗೆ ಹೊತ್ತು ಹೆಂಗೆ ಹೋಗುತ್ತೋ ಅಂದ.’

ಹರಟೆಮಲ್ಲಿ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದಳು. ‘ಅವತ್ತಿಂದ ಗೊತ್ತಿತ್ತಾ? ಮತ್ತೆ ಬಂದಾಗೆಲ್ಲ ಆಮೇಲೆ ಆಮೇಲೆ ಅಂತ ನನ್ನ ಜೀವ ತಿಂದ್ಯಲ್ಲೇ, ಪಾಪಿ!’

‘ನೀನು ಬಾಕಿ ಇಟ್ಟಿದ್ದೆ’ ಎಂದಿತು ಆ ಒಣಗಿದ ತುಟಿ. ‘ನಾನು ಇಸ್ಕೊಳ್ಳಲಿಲ್ಲ, ಅಷ್ಟೆ.’

ಹರಟೆಮಲ್ಲಿಗೆ ಅಳು ತಡೆಯಲಾಗಲಿಲ್ಲ. ಗೆಳತಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ತಗ್ಗಿಸಿ ಅತ್ತಳು. ಸೊಸೆ ಹೆದರಿ ಎದುರು ಬಂದು ಬಗ್ಗಿದಳು. “ಏನಂದ್ರು ಅತ್ತೆ? ಏನಾದ್ರೂ ಬೇಕಂತಾ?”

“ಏನೂ ಬೇಡ್ವಂತೆ ಕಣಮ್ಮಾ” ಎಂದಳು ಹರಟೆಮಲ್ಲಿ, ಮೂಗು ಒರೆಸಿಕೊಳ್ಳುತ್ತ. “ನೆನ್ನೆ ಕೇಳಿದ್ಯಲ್ಲ, ಆ ಚಿಟ್‌ಚಾಟು ಅಂದ್ರೆ ಏನು ಅಂತ? ಬೇಕಾದವರ ಹತ್ರ ಆಡೋ ಬೇಡದ ಮಾತು. ಹೋಗಿ ನಿನ್ನ ಕ್ಲಾಸಲ್ಲಿ ಹೇಳು.”

ಅತ್ತೆಯ ಜೊತೆ ತಾನು ಕೊನೆಯ ಸಲ ಬೇಡದ ಮಾತಾಡಿದ್ದು ಯಾವಾಗ ಎಂದು ಸೊಸೆ ಯೋಚಿಸತೊಡಗಿದಳು.

ನೋಡುವವರ ಹೊತ್ತು ಮುಗಿಯಿತೆಂದು ನರ್ಸಮ್ಮ ಬಂದಳು. ಹತ್ತಿ ಕದ್ದದ್ದಕ್ಕೆ ಒಂದಿಷ್ಟು ಬೈದಳು. ಕಿವುಡಿ ನಗುನಗುತ್ತ ತಲೆಯಾಡಿಸಿದಳು. ಹೊರಡಲು ಎದ್ದಾಗ ಅವಳಿಗೆ ಹೊಳೆಯಿತು: ಇದ್ದದ್ದೊಂದು ಬಾಕಿಯೂ ಮುಗಿದುಹೋಯಿತಲ್ಲ! ಕೈ ಖಾಲಿ. ಗೆಳತಿಯ ಕಡೆ ತಿರುಗಿ, ನರ್ಸಮ್ಮನ ಬೆನ್ನಿನ ಹಿಂದಿನಿಂದ, ಅವಸರ ಅವಸರವಾಗಿ ತುಟಿಯಾಡಿಸಿದಳು. ‘ನಮ್ಮ ಪಕ್ಕದ ಮನೆಯವಳ ಕಥೆ ಕೇಳಿದ್ಯಾ? ಮೊನ್ನೆ ಬೆಳಗಾಗೋಕ್ಮುಂಚೆ ಗೇಟು ಹಾರಿ—’

ಅಷ್ಟಕ್ಕೇ ಬಿಟ್ಟು, ಸೊಸೆಯ ತೋಳು ಹಿಡಿದು ಬಾಗಿಲ ಕಡೆ ನಡೆದಳು. ಪಕ್ಕದ ಮನೆಯವಳು ಗೇಟು ಹಾರಿ ಏನು ಮಾಡಿದಳು ಎನ್ನುವುದು ಅವಳಿಗೂ ಗೊತ್ತಿರಲಿಲ್ಲ. ನಾಳೆಗೆ ಏನಾದರೂ ಹೊಂದಿಸಬೇಕು.

ಬಾಗಿಲ ಹತ್ತಿರ ಕತ್ತಿನ ಹಿಂದೆ ಏನೋ ಮೆತ್ತಗೆ ಬಿತ್ತು. ಅವಳು ತಿರುಗಿ ನೋಡಿದಳು. ಆಮೇಲಕ್ಕ ದಿಂಬಿಗೆ ಒರಗಿ ಕೂತಿದ್ದಳು. ಕೈ ಇನ್ನೂ ಎಸೆದ ಹಾಗೇ ಮೇಲಿತ್ತು.

‘ಆಮೇಲೆ?’